ಎಳೆಯರ ಚಿತ್ತವಿಕಲತೆ: ಮೊದಲ ಸೂಚನೆಗಳು



16 ವರ್ಷದ ಹುಡುಗನೊಬ್ಬನನ್ನು ಊಹಿಸಿಕೊಳ್ಳಿರಿ. ಓದಿನಲ್ಲಿಯೂ ಆಟದಲ್ಲಿಯೂ ಚುರುಕಾಗಿದ್ದವನು ಬರಬರುತ್ತ ಗೆಳೆಯರನ್ನು ತೊರೆದು ಮೂಲೆ ಸೇರುವನು. ರಾತ್ರಿ ನಿದ್ರೆಯಿಲ್ಲ, ಹಗಲು ಸ್ನಾನದ ಗೊಡವೆಯಿಲ್ಲ. ಬೀದಿಯಲ್ಲಿ ಯಾರಾದರೂ ನಕ್ಕರೆ ತನ್ನನ್ನು ಕುರಿತೇ ನಕ್ಕರೆಂದು ಶಂಕಿಸುವನು. ತಂದೆಯು ಇದನ್ನು ಸೋಮಾರಿತನವೆನ್ನುವನು; ಅಜ್ಜಿಯು ಗಾಳಿ ಸೋಕಿತೆನ್ನುವಳು; ಉಪಾಧ್ಯಾಯರು ಪ್ರಾಯದ ಚಾಂಚಲ್ಯವೆಂದು ಸುಮ್ಮನಾಗುವರು. ಅಜ್ಜಿಯನ್ನು ನಾನು ಹಳಿಯಲಾರೆ. ಏನೋ ಆಗಿದೆಯೆಂಬುದನ್ನು ಆಕೆಯೊಬ್ಬಳಾದರೂ ಕಂಡಳು. ಆದರೆ ಹೀಗೆ ಕಳೆದುಹೋಗುವ ತಿಂಗಳುಗಳು ಬಹು ಬೆಲೆಯುಳ್ಳವು.

ವೈದ್ಯರು ಸೈಕೋಸಿಸ್ ಎನ್ನುವ ಚಿತ್ತವಿಕಲತೆಯಲ್ಲಿ ಇಲ್ಲದ ದನಿ ಕೇಳಿಸುವುದುಂಟು. ಆಧಾರವಿಲ್ಲದ ನಂಬಿಕೆ ಅಲುಗದಂತೆ ಬೇರೂರುವುದುಂಟು. 13 ವರ್ಷದೊಳಗೆ ಇದು ಅಪರೂಪ. ಹದಿಹರೆಯದ ಕೊನೆಯಿಂದ ಹೆಚ್ಚು. 1890ರ ದಶಕದಲ್ಲಿ ಜರ್ಮನಿಯ ಕ್ರೆಪೆಲಿನ್ ಎಂಬ ವೈದ್ಯನು ಇದರ ಒಂದು ಬಗೆಗೆ ಅಕಾಲದ ಬುದ್ಧಿಕ್ಷಯವೆಂಬ ಅರ್ಥದ ಹೆಸರನ್ನು ಬಳಸಿದನು. ಆ ಹೆಸರಿನಲ್ಲಿಯೇ ನಿರಾಶೆಯಿತ್ತು. 1908ರಲ್ಲಿ ಸ್ವಿಟ್ಜರ್ಲೆಂಡಿನ ಬ್ಲಾಯ್ಲರನು, ಬುದ್ಧಿಕ್ಷಯವೇ ಇದರ ಗತಿಯಲ್ಲವೆಂದು ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು ಮುಂದಿಟ್ಟನು. 1990ರ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಪ್ಯಾಟ್ರಿಕ್ ಮೆಗೋರಿ ಮತ್ತು ಸಂಗಡಿಗರು ತರುಣರಿಗಾಗಿಯೇ ಚಿಕಿತ್ಸಾಲಯವನ್ನು ತೆರೆದರು. ಚಿಕಿತ್ಸೆಯಿಲ್ಲದೆ ಕಳೆದ ಕಾಲವು ಹೆಚ್ಚಿದಷ್ಟೂ ಚೇತರಿಕೆ ಕಷ್ಟವೆಂಬುದು ಅನೇಕ ಸಂಶೋಧನೆಗಳಿಂದ ತಿಳಿದುಬಂದಿದೆ.

ಹಾಗೆಂದು ಗಾಬರಿ ಸಲ್ಲದು. 9ರಿಂದ 12 ವರ್ಷದ ಮಕ್ಕಳಲ್ಲಿ ಸುಮಾರು ಆರು ಮಂದಿಗೊಬ್ಬರು ಇಂಥ ಅನುಭವಗಳನ್ನು ಹೇಳುವುದುಂಟು. ಬಹುಪಾಲು ತಾನಾಗಿ ಮಾಯವಾಗುತ್ತದೆ. ತಜ್ಞರೇ ಅಪಾಯದಂಚಿನವರೆಂದು ಗುರುತಿಸಿದ ತರುಣರಲ್ಲಿಯೂ ಮೂರು ವರ್ಷದೊಳಗೆ ರೋಗಕ್ಕೆ ತುತ್ತಾಗುವವರು ನಾಲ್ವರಲ್ಲಿ ಒಬ್ಬರಷ್ಟೆ. ಆದುದರಿಂದ ಹುಚ್ಚೆಂಬ ಹಣೆಪಟ್ಟಿಯನ್ನು ಯಾರೂ ಕಟ್ಟಬಾರದು. ಆದರೆ ರಕ್ತಸಂಬಂಧಿಗಳಲ್ಲಿ ಈ ಬೇನೆಯಿದ್ದು, ಮಗುವು ಗಾಂಜಾ ಸೇದುತ್ತಿದ್ದರೆ ಎಚ್ಚರವು ಇಮ್ಮಡಿಯಾಗಬೇಕು.

ಮನೆಯವರು ಮಾಡತಕ್ಕದ್ದೇನು? ದನಿ ಸುಳ್ಳೆಂದು ವಾದಿಸಬಾರದು; ನಿಜವೆಂದು ತಲೆದೂಗಲೂ ಬಾರದು. “ಏನು ಕೇಳಿಸುತ್ತದೆಯಪ್ಪ, ಭಯವಾಗುತ್ತದೆಯೆ?” ಎಂದು ಮೆಲ್ಲನೆ ಕೇಳಬೇಕು. ನಿದ್ರೆ ಕೆಟ್ಟದ್ದು ಎಂದಿನಿಂದ, ಶಾಲೆ ತಪ್ಪಿದ್ದು ಎಂದಿನಿಂದ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ವೈದ್ಯರಿಗೆ ತೋರಿಸಬೇಕು. ಮೂರ್ಛೆರೋಗವೋ ಮಿದುಳಿನ ಉರಿಯೂತವೋ ಇದೇ ವೇಷದಲ್ಲಿ ಬರುವುದುಂಟಾದ್ದರಿಂದ ದೇಹಪರೀಕ್ಷೆಯೂ ಅವಶ್ಯಕ. ಅಂಚಿನಲ್ಲಿರುವವರಿಗೆಲ್ಲ ಔಷಧವೇ ಮೊದಲಲ್ಲ. ಅನೇಕರಿಗೆ ಮಾತಿನ ಚಿಕಿತ್ಸೆಯೂ ಮೇಲ್ವಿಚಾರಣೆಯೂ ಸಾಕಾಗಬಹುದು. ಸಾಯುವ ಮಾತನ್ನಾಡಿದರೆ ಮಾತ್ರ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎಲ್ಲಿಗೆ ಹೋಗಬೇಕೆಂದು ತಿಳಿಯದವರಿಗಾಗಿ 2022ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಟೆಲಿ-ಮಾನಸ್ ದೂರವಾಣಿಯಿದೆ. ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು.