ಉತ್ತರದ ಜೊತೆಗೆ ಕಾರಣವೂ ಬೇಕು
(ಶಿಕ್ಷಕರ ಚಿಂತನಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವನು. ನಮ್ಮ ಭಾಗದ ಮೂರು ಶಾಲೆಗಳ ಗಣಿತ ಶಿಕ್ಷಕರು ಕೂಡಿ ಮಾಡಿದ ಒಂದು ಸಣ್ಣ ಕೆಲಸವನ್ನು ತಮ್ಮ ಮುಂದಿಡುತ್ತೇನೆ.

ನಮ್ಮ ಮಕ್ಕಳು ಉತ್ತರ ಹೇಳುತ್ತಾರೆ, ‘ಯಾಕೆ?’ ಎಂದರೆ ತಲೆ ತಗ್ಗಿಸುತ್ತಾರೆ. ಕಾರಣ ಕೇಳುವುದೆಂದರೆ ಹಿರಿಯರಿಗೆ ಎದುರಾಡುವುದು ಎಂಬ ಭಾವನೆ ಬೇರೂರಿದೆ. ಶೂನ್ಯಸಂಪಾದನೆಯಂಥ ಸಂವಾದರೂಪದ ಗ್ರಂಥವನ್ನು ಪೂಜಿಸುವ ನಮ್ಮಲ್ಲಿ ಹೀಗಾಗಬಾರದು.

ಮೊದಲು ನಾವು ನೋಡಿದ್ದು ನಮ್ಮ ಪ್ರಶ್ನೆಗಳನ್ನೇ. ‘ಉದ್ದ 15 ಮೀಟರ್, ಅಗಲ 5 ಮೀಟರ್, ಸುತ್ತಳತೆ, ವಿಸ್ತೀರ್ಣ ಕಂಡುಹಿಡಿ’ ಎಂದರೆ ಮಗು ಸೂತ್ರ ಹಾಕಿ 40, 75 ಎಂದು ಬರೆಯುತ್ತದೆ. ವಾದಕ್ಕೆ ಅಲ್ಲಿ ಜಾಗವೇ ಇಲ್ಲ. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಕೂತು ಅದನ್ನು ಹೀಗೆ ಬದಲಿಸಿದೆವು: ‘ಅಣ್ಣತಮ್ಮಂದಿರ ಪಾಲಿಗೆ ಒಂದೊಂದು ಆಯತಾಕಾರದ ಹೊಲ ಬಂತು. ಇಬ್ಬರಿಗೂ 40 ಮೀಟರ್ ಬೇಲಿ ಬೇಕಾಯಿತು. ಬೇಲಿ ಸಮ, ಆದ್ದರಿಂದ ಹೊಲವೂ ಸಮ ಎಂದ ಅಣ್ಣ. ತಮ್ಮ ಒಪ್ಪಬೇಕೇ? ಕಾರಣ ಕೊಟ್ಟು ಪಕ್ಕದವರನ್ನು ಒಪ್ಪಿಸಿ.’

ಒಬ್ಬರು ಪಾಠ ಮಾಡಿದರು. ಉಳಿದವರು ಹಿಂದೆ ಕೂತು ಮಕ್ಕಳ ಮಾತು ಬರೆದುಕೊಂಡೆವು. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಮಿಕ್ಕಿ ಹೀಗೆ ಕೂಡಿ ಪಾಠ ತಿದ್ದುತ್ತ ಬಂದಿದ್ದಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಆರಂಭವಾದ ನಲಿ-ಕಲಿಯೂ ಶಿಕ್ಷಕರೇ ಕೂಡಿ ಕಟ್ಟಿದ್ದು.

ಮೊದಲ ಶಾಲೆಯಲ್ಲಿ ಬಹಳ ಮಕ್ಕಳು ‘ಸಮ’ ಎಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು 10ಕ್ಕೆ 10, 15ಕ್ಕೆ 5ರ ಎರಡು ಹೊಲ ಬರೆದು, ಒಂದು 100, ಇನ್ನೊಂದು 75 ಎಂದು ತೋರಿಸಿದಳು. ಅಣ್ಣನ ಮಾತು ಬಿತ್ತು. ಚರ್ಚೆಯೂ ಅಲ್ಲಿಗೇ ನಿಂತಿತು.

ಅದಕ್ಕೆ ಎರಡನೆಯ ಶಾಲೆಯಲ್ಲಿ ಇನ್ನೊಂದು ಸಾಲು ಸೇರಿಸಿದೆವು: ‘ಇದೇ ಬೇಲಿಗೆ ಎಲ್ಲಕ್ಕಿಂತ ದೊಡ್ಡ ಆಯತ ಯಾವುದು? ಅದಕ್ಕಿಂತ ದೊಡ್ಡದು ಸಿಗುವುದೇ ಇಲ್ಲವೆಂದು ಹೇಗೆ ಹೇಳುವಿರಿ?’ ಮಕ್ಕಳು ಪಟ್ಟಿ ಮಾಡಿದರು: 11ಕ್ಕೆ 9 ಆದರೆ 99, 12ಕ್ಕೆ 8 ಆದರೆ 96. ಒಬ್ಬ ಹುಡುಗ, ‘ಹತ್ತೂವರೆಗೆ ಒಂಬತ್ತೂವರೆ ಇದ್ದರೆ, ಸರ್?’ ಎಂದ. ಪಟ್ಟಿ ಸಾಲದೆಂದು ಆಗ ಎಲ್ಲರಿಗೂ ಹೊಳೆಯಿತು. ಹತ್ತರಿಂದ ಎಷ್ಟು ಸರಿದೆವೋ ಅದರ ವರ್ಗದಷ್ಟು ಹೊಲ ಕಡಿಮೆಯಾಗುತ್ತದೆ ಎಂದು ಅವರೇ ಕಂಡುಕೊಂಡರು. ಅದು ಕಾರಣ!

ಆದರೆ ಅಲ್ಲಿ ಗದ್ದಲ ಮಾಡಿದವರದೇ ಮೇಲುಗೈಯಾಗಿತ್ತು. ಮೂರನೆಯ ಶಾಲೆಯಲ್ಲಿ ಒಂದು ನಿಯಮ ಇಟ್ಟೆವು: ಇನ್ನೊಬ್ಬರ ಮಾತನ್ನು ಅವರು ‘ಹೌದು’ ಎನ್ನುವಂತೆ ತಿರುಗಿ ಹೇಳಿ, ಆಮೇಲೆ ವಿರೋಧಿಸಿ. ಮೂಕರಂತಿದ್ದವರೂ ಬಾಯಿಬಿಟ್ಟರು.

‘ಪಠ್ಯ ಮುಗಿಯುವುದು ಯಾವಾಗ?’ ಎಂದು ಕೇಳುವಿರಿ. ಅಧ್ಯಾಯಕ್ಕೆ ಇಂಥ ಒಂದು ಪ್ರಶ್ನೆ ಸಾಕು. ನಾಳೆ ಈ ಮಕ್ಕಳ ಮುಂದೆ ಪಾಲುಪತ್ರ ಬರುತ್ತದೆ, ವರದಕ್ಷಿಣೆಯ ಮಾತು ಬರುತ್ತದೆ, ಮೊಬೈಲಿನಲ್ಲಿ ಸುಳ್ಳುಸುದ್ದಿ ಬರುತ್ತದೆ. ‘ಆಧಾರವೇನು?’ ಎಂದು ವಿನಯದಿಂದ, ಅಂಜದೆ ಕೇಳಬಲ್ಲವರು ಮೋಸ ಹೋಗುವುದು ಕಡಿಮೆ.

ಪೂಜ್ಯರಲ್ಲಿ, ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಬಿನ್ನಹ. ತಿಂಗಳಿಗೆ ಎರಡು ತಾಸು ಶಿಕ್ಷಕರು ಕೂಡಿ ಕೂರಲು ಬಿಡಿ. ಆ ಹೊತ್ತಿನಲ್ಲಿ ಬೇರೆ ಕೆಲಸ ಹಚ್ಚಬೇಡಿ. ತರಗತಿಯಲ್ಲಿ ಮಾತು ಕೇಳಿಸಿದರೆ ಶಿಸ್ತು ಕೆಟ್ಟಿತೆನ್ನದೆ ಬಾಗಿಲಲ್ಲಿ ಒಂದು ಗಳಿಗೆ ನಿಂತು ಆಲಿಸಿ.