ಕಾರಿನ ಸ್ಟೀರಿಯೋಗೂ ಒಂದು ಮಣ್ಣುಪರೀಕ್ಷೆ
(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಣ್ಣು, ಗೊಬ್ಬರಗಳ ವಿಷಯ ಬಿಟ್ಟು ಕಾರಿನ ಸ್ಟೀರಿಯೋ ಕುರಿತು ಕೃಷಿವಿಜ್ಞಾನಿಯೊಬ್ಬರು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಬೆಟ್ಟದೂರುಗಳಲ್ಲಿ ಸಂತೆಗೂ ಆಸ್ಪತ್ರೆಗೂ ಹಳೆಯ ಸಣ್ಣ ಕಾರೊಂದನ್ನೇ ನೆಚ್ಚಿಕೊಂಡ ಕುಟುಂಬಗಳು ಬಹಳ. ಕಾರಿನೊಂದಿಗೆ ಬಂದ ಸ್ಟೀರಿಯೋ ಗೊರಗುಟ್ಟತೊಡಗಿದಾಗ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ ಸಲಹೆ, ‘ಎಲ್ಲವನ್ನೂ ಬದಲಿಸಿ’ ಎಂಬುದು. ಕೈಯಲ್ಲಿರುವುದು ಕೆಲವೇ ಸಾವಿರ ರೂಪಾಯಿಯಾದರೆ ಅದನ್ನು ಎಲ್ಲಿ, ಯಾವ ಕ್ರಮದಲ್ಲಿ ವೆಚ್ಚಮಾಡಬೇಕು ಎಂಬುದೇ ಇಂದಿನ ವಿಷಯ.

ಕೃಷಿವಿಜ್ಞಾನದಲ್ಲಿ ‘ಕನಿಷ್ಠ ನಿಯಮ’ ಎಂಬುದೊಂದಿದೆ. 19ನೆಯ ಶತಮಾನದಲ್ಲಿ ಕಾರ್ಲ್ ಸ್ಪ್ರೆಂಗೆಲ್ ಹೇಳಿದ್ದನ್ನು ಲೀಬಿಗ್ ಜನಪ್ರಿಯಗೊಳಿಸಿದರು. ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಿರುವುದು. ಪೊಟ್ಯಾಷ್ ಸಾಲದ ತೋಟಕ್ಕೆ ಯೂರಿಯಾ ಸುರಿದರೆ ಹಣ ಕರಗುತ್ತದೆಯೇ ಹೊರತು ಫಸಲು ಏರುವುದಿಲ್ಲ. ಸ್ಟೀರಿಯೋ ಕೂಡ ಅಂಥದೇ ಒಂದು ಸರಪಳಿ: ಹಾಡಿನ ಮೂಲ, ಹೆಡ್ ಯೂನಿಟ್, ತಂತಿ, ಸ್ಪೀಕರ್, ಸ್ಪೀಕರ್ ಕುಳಿತ ಬಾಗಿಲು. ಇವುಗಳಲ್ಲಿ ದುರ್ಬಲವಾದ ಕೊಂಡಿ ಯಾವುದೆಂದು ತಿಳಿಯದೆ ಖರೀದಿಗೆ ಹೊರಡಬಾರದು.

ಆದ್ದರಿಂದ ಮೊದಲು ಪರೀಕ್ಷೆ. ಇದಕ್ಕೆ ಖರ್ಚಿಲ್ಲ. ಬೇಸ್, ಟ್ರೆಬಲ್‌ಗಳನ್ನು ಸೊನ್ನೆಗೆ ತನ್ನಿ. ಬ್ಯಾಲೆನ್ಸ್, ಫೇಡರ್‌ಗಳನ್ನು ತಿರುಗಿಸಿ ಒಂದೊಂದೇ ಸ್ಪೀಕರನ್ನು ಆಲಿಸಿ. ಒಂದು ಮಾತ್ರ ಗೊರಗುಟ್ಟಿದರೆ ದೋಷ ಹೆಚ್ಚಾಗಿ ಆ ಸ್ಪೀಕರಿನಲ್ಲೋ ಅದರ ತಂತಿಯಲ್ಲೋ ಇರುತ್ತದೆ. ಎಲ್ಲವೂ ಒಂದೇ ಬಗೆಯಲ್ಲಿ ಗೊರಗುಟ್ಟಿದರೆ ಮೂಲವನ್ನು ಬದಲಿಸಿ ನೋಡಿ. ಕಡಿಮೆ ದರ್ಜೆಯ ಎಂಪಿ3 ಕಡತವನ್ನು ಯಾವ ಸ್ಪೀಕರೂ ಸರಿಪಡಿಸದು. ರೇಡಿಯೋ ಮಾತ್ರ ಕೆಟ್ಟಿದ್ದರೆ ಆಂಟೆನಾದ ಬುಡವನ್ನು ನೋಡಿ. ನಮ್ಮ ಮಳೆಗಾಲದಲ್ಲಿ ಅಲ್ಲಿ ತುಕ್ಕು ಹಿಡಿಯುವುದು ಸಾಮಾನ್ಯ. ಇನ್ನು, ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರದಾರಿಯಲ್ಲಿ ಸಾಗುವುದರಿಂದ ಗುಡ್ಡದ ಮರೆಯಲ್ಲಿ ಕ್ಷೀಣಿಸುತ್ತವೆ. ಅದಕ್ಕೆ ಹೊಸ ಸ್ಟೀರಿಯೋ ಔಷಧವಲ್ಲ.

ಸ್ಪೀಕರಿನ ಧನ, ಋಣ ತಂತಿಗಳು ಒಂದು ಬದಿಯಲ್ಲಿ ಅದಲುಬದಲಾಗಿದ್ದರೆ ಎಡಬಲದ ಸ್ಪೀಕರುಗಳು ಪರಸ್ಪರ ವಿರುದ್ಧವಾಗಿ ಚಲಿಸಿ ಮಂದ್ರಧ್ವನಿ ಅಳಿಸಿಹೋಗುತ್ತದೆ. ಸ್ಪೀಕರನ್ನು ಯೂನಿಟ್ಟಿನಿಂದ ಬೇರ್ಪಡಿಸಿ, 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಧನಕ್ಕೆ ಧನ ತಾಗಿದಾಗ ಕೋನ್ ಹೊರಕ್ಕೆ ಬರಬೇಕು.

ಪರೀಕ್ಷೆಯ ಬಳಿಕ ಸಾಮಾನ್ಯವಾಗಿ ಸಿಕ್ಕಿಬೀಳುವ ಕೊಂಡಿ ಸ್ಪೀಕರೇ. ಅಗ್ಗದ ಕಾಗದದ ಕೋನ್ ನಮ್ಮ ತೇವದಲ್ಲಿ ಮೆತ್ತಗಾಗುತ್ತದೆ, ಅಂಚು ಸೀಳುತ್ತದೆ. ಆಗ ಮುಂಬಾಗಿಲಿನ ಜೋಡಿಯನ್ನಷ್ಟೇ ಬದಲಿಸಿದರೆ ಸಾಕು. ಕೇಳುಗರು ಹೆಚ್ಚಾಗಿ ಮುಂದೆಯೇ ಕುಳಿತಿರುತ್ತಾರೆ. ಕೊಳ್ಳುವ ಮುನ್ನ ವ್ಯಾಸವನ್ನೂ ಆಳವನ್ನೂ ಅಳೆಯಿರಿ. ಆಳ ಹೆಚ್ಚಾದರೆ ಕಿಟಕಿಯ ಗಾಜು ತಗಲುತ್ತದೆ. ಹಳೆಯ ಸ್ಪೀಕರಿನಷ್ಟೇ ಓಮ್ ಇರಲಿ. 4 ಓಮಿಗೆಂದು ಮಾಡಿದ ಯೂನಿಟ್ಟಿಗೆ 2 ಓಮಿನದನ್ನು ಜೋಡಿಸಿದರೆ ಅದು ಕಾಯುತ್ತದೆ.

ಪೆಟ್ಟಿಗೆಯ ಮೇಲೆ ಅಚ್ಚಾದ ವ್ಯಾಟ್ ಸಂಖ್ಯೆಗೆ ಮರುಳಾಗಬೇಡಿ. ಲೆಕ್ಕ ಸರಳ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜು ಸುಮಾರು 14.4. ಅದರ ವರ್ಗವನ್ನು 4 ಓಮಿನಿಂದ ಭಾಗಿಸಿದರೆ ಸುಮಾರು 52 ವ್ಯಾಟ್. ‘50 ವ್ಯಾಟ್ × 4’ ಎಂಬ ಘೋಷಣೆ ಹುಟ್ಟುವುದು ಇಲ್ಲಿಯೇ. ಆದರೆ ಅದು ಧ್ವನಿ ಪೂರ್ತಿ ಒಡೆದಾಗಿನ ಸಂಖ್ಯೆ. ಶುದ್ಧ ಸ್ವರಕ್ಕೆ ಸೈದ್ಧಾಂತಿಕ ಗರಿಷ್ಠವೇ ಅದರ ಅರ್ಧ, ಅಂದರೆ 26 ವ್ಯಾಟ್; ವಾಸ್ತವದಲ್ಲಿ 15ರಿಂದ 20. ನೀವು ನೋಡಬೇಕಾದದ್ದು ಸ್ಪೀಕರಿನ ಸೆನ್ಸಿಟಿವಿಟಿಯನ್ನು. ಒಂದೇ ಕ್ರಮದಲ್ಲಿ ಅಳೆದಾಗ 89 ಡೆಸಿಬೆಲಿನದಕ್ಕಿಂತ 92 ಡೆಸಿಬೆಲಿನದು ಅರ್ಧ ವ್ಯಾಟಿನಲ್ಲಿಯೇ ಅಷ್ಟೇ ಸದ್ದು ಕೊಡುತ್ತದೆ. ಆಂಪ್ಲಿಫೈಯರ್ ಕೊಳ್ಳದೆಯೇ ಶಕ್ತಿ ಇಮ್ಮಡಿಸಿದಂತೆ.

ಮುಂದಿನ ಕೊಂಡಿ ಬಾಗಿಲು. ಸ್ಪೀಕರಿನ ಹಿಂದಿನ ಅಲೆ ಸಂದುಗಳಿಂದ ಮುಂದೆ ಬಂದು ಮುಂದಿನ ಅಲೆಯನ್ನು ನುಂಗುವುದರಿಂದ ಬೇಸ್ ಕೃಶವಾಗುತ್ತದೆ. ಸ್ಪೀಕರಿನ ಸುತ್ತ ಫೋಮ್ ಪಟ್ಟಿ, ಒಳತಗಡಿನ ರಂಧ್ರಗಳಿಗೆ ಬ್ಯೂಟೈಲ್ ಹಾಳೆ ಅಂಟಿಸಿದರೆ ಕಡಿಮೆ ಖರ್ಚಿನಲ್ಲಿ ದೊಡ್ಡ ಅಂತರ ಕಾಣುತ್ತದೆ. ಆದರೆ ಬಾಗಿಲಿನ ಅಡಿಯಲ್ಲಿರುವ ನೀರು ಬಸಿಯುವ ರಂಧ್ರಗಳನ್ನು ಎಂದಿಗೂ ಮುಚ್ಚಬೇಡಿ. ಆಗುಂಬೆಯಂಥ ಮಳೆಯ ಸೀಮೆಯಲ್ಲಿ ಬಾಗಿಲು ಒಳಗಿನಿಂದಲೇ ಕೊಳೆತೀತು. ಸ್ಪೀಕರಿಗೆ ಎಂಡಿಎಫ್ ಬಳೆಯೂ ಬೇಡ, ಅದು ತೇವಕ್ಕೆ ಉಬ್ಬುತ್ತದೆ, ಪ್ಲಾಸ್ಟಿಕ್ಕಿನದಿರಲಿ.

ಇಷ್ಟಾದ ಮೇಲೂ ತೃಪ್ತಿಯಾಗದಿದ್ದರೆ ಮಾತ್ರ ಆಂಪ್ಲಿಫೈಯರ್, ಸಬ್‌ವೂಫರ್‌ಗಳ ಮಾತು. ಸ್ಪೀಕರ್ ತಂತಿಯಿಂದಲೇ ಸಂಕೇತ ಪಡೆಯುವ ಆಂಪ್ಲಿಫೈಯರ್ ಆರಿಸಿದರೆ ಹಳೆಯ ಹೆಡ್ ಯೂನಿಟ್ ಉಳಿಯುತ್ತದೆ. ಬ್ಯಾಟರಿಯಿಂದ ಎಳೆಯುವ ತಂತಿಗೆ ಬ್ಯಾಟರಿಯ ಸಮೀಪದಲ್ಲೇ, ಸುಮಾರು 45 ಸೆಂಟಿಮೀಟರಿನೊಳಗೆ, ಫ್ಯೂಸ್ ಇರಲೇಬೇಕು. ಇಲ್ಲದಿದ್ದರೆ ತಂತಿ ಎಲ್ಲಾದರೂ ತಗಡಿಗೆ ಉಜ್ಜಿ ಶಾರ್ಟ್ ಆದಾಗ ಬೆಂಕಿ ಹತ್ತುತ್ತದೆ. ಕಾರ್ಖಾನೆಯ ತಂತಿಯನ್ನು ಕತ್ತರಿಸಲು ಬಿಡಬೇಡಿ. ಕಾರಿನ ಮಾದರಿಗೆ ತಕ್ಕ ಕಪ್ಲರ್ ಕೇಳಿ. ಬೆಸೆದ ತಂತಿಯ ನೆಪದಲ್ಲಿ ವಾರಂಟಿ ನಿರಾಕರಿಸಿದರೆ ಉಳಿಸಿದ ಹಣಕ್ಕೆ ಅರ್ಥವಿಲ್ಲ.

ಕೊನೆಯದಾಗಿ ಕಿವಿಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಫೋನ್, ಹೆಡ್‌ಫೋನುಗಳಿಗಾಗಿ ನೀಡಿದ ಮಾನದಂಡದಂತೆ ವಯಸ್ಕರಿಗೆ ಸುರಕ್ಷಿತ ಆಲಿಕೆಯ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಏರಿಕೆಗೆ ಅವಧಿ ಅರ್ಧವಾಗುತ್ತದೆ. ಕಿವಿಗೆ ಈ ಎಣಿಕೆ ಕಾರಿನಲ್ಲೂ ಬೇರೆಯಲ್ಲ. ಘಾಟಿಯ ತಿರುವಿನಲ್ಲಿ ಎದುರು ಬಸ್ಸಿನ ಹಾರನ್ ಕೇಳಿಸದಷ್ಟು ಸದ್ದು ಎಷ್ಟು ಇಂಪಾದರೂ ಅಪಾಯವೇ. ಒಳ್ಳೆಯ ಸ್ಪೀಕರಿನ ನಿಜವಾದ ಲಾಭ, ಕಡಿಮೆ ಸದ್ದಿನಲ್ಲೂ ಮಾತು ಸ್ಪಷ್ಟವಾಗುವುದು.

ಹಳೆಯ ಸ್ಪೀಕರನ್ನು ಹಳ್ಳಕ್ಕೆ ಎಸೆಯಬೇಡಿ. ಕೋನ್ ಗಟ್ಟಿಯಿದ್ದರೆ ಕೊಟ್ಟಿಗೆಯ ರೇಡಿಯೋಗೆ ಆದೀತು. ಕೆಟ್ಟಿದ್ದರೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ತಲುಪಿಸಿ. ಮೊದಲು ಪರೀಕ್ಷೆ, ನಂತರ ಸ್ಪೀಕರ್, ಆಮೇಲೆ ಬಾಗಿಲು, ಉಳಿದದ್ದು ಕೊನೆಗೆ. ಈ ಕ್ರಮ ತಪ್ಪದಿದ್ದರೆ ಅನೇಕರ ಖರ್ಚು ಎರಡನೆಯ ಹೆಜ್ಜೆಯಲ್ಲಿಯೇ ನಿಲ್ಲುತ್ತದೆ.