ಹಲ್ಲಿ ನುಡಿದ ರಾತ್ರಿ

ಹಲ್ಲಿ ಲೊಚಗುಟ್ಟಿದರೆ ಶಕುನ ನೋಡುವವರು ನಾವು. 2021ರ ಮೇ ತಿಂಗಳಲ್ಲಿ ಅರಬ್ಬೀ ಸಮುದ್ರದ ಮೇಲೆದ್ದ ಚಂಡಮಾರುತಕ್ಕೂ ಹಲ್ಲಿಯದೇ ಹೆಸರು: ‘ತೌಕ್ತೆ’. ಮ್ಯಾನ್ಮಾರ್ ದೇಶದವರು ಸೂಚಿಸಿದ ಆ ಪದಕ್ಕೆ ದೊಡ್ಡ ದನಿಯ ಹಲ್ಲಿಯೆಂದು ಅರ್ಥ.

15ರ ರಾತ್ರಿ, ಹೊರಗೆ ಹೋಗಬಾರದೆಂಬ ಎಚ್ಚರಿಕೆಯಿತ್ತು. ಮಲ್ಪೆಯ ಸಮೀಪದ ನಮ್ಮ ಮನೆಯಲ್ಲಿ ದೀಪವಾರಿತ್ತು. ಕಡಲಿನ ಮೊರೆತವನ್ನೂ ತೆಂಗಿನ ಮರಗಳ ಹೊಯ್ದಾಟವನ್ನೂ ಆಲಿಸುತ್ತ ನಾನೂ ನನ್ನಾಕೆಯೂ ಬೆಳಗಿನವರೆಗೆ ಕುಳಿತೆವು. ಮಾಡು ಉಳಿಯಿತು, ಗಾಳಿ ಉತ್ತರಕ್ಕೆ ಸರಿಯಿತೆಂಬ ಸುದ್ದಿ ಬಂತು.

‘ಸದ್ಯ, ತಪ್ಪಿತು’ ಎಂದೆ.

‘ತಪ್ಪಿದ್ದು ಎಲ್ಲಿಗೆ ಹೋಯಿತು?’ ಎಂದಳಾಕೆ.

17ರಂದು ಮುಂಬಯಿಯಾಚೆಯ ಕಡಲಲ್ಲಿ ಬಾರ್ಜೊಂದು ಮುಳುಗಿ ಹಲವಾರು ಕಾರ್ಮಿಕರು ಸತ್ತರು. ಅದೇ ರಾತ್ರಿ ಬಿರುಗಾಳಿ ಗುಜರಾತಿನ ದಡ ಹೊಕ್ಕಿತು. ಕಾಯುವವನ ಪ್ರಾರ್ಥನೆಯಲ್ಲಿ ಇಷ್ಟೊಂದು ಸ್ವಾರ್ಥವಿರುತ್ತದೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.